ಓದುಗರ ಪ್ರಶ್ನೆ: ತಣ್ಣೀರಿನ ಕ್ರಾಪಿಗೆ ದೋಣಿ ಎಷ್ಟು ನಿಧಾನ ಸಾಗಬೇಕು?

ಪ್ರಶ್ನೆ: ಸೂಳೆಕೆರೆಯ ದಂಡೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕುತ್ತ ಬೆಳೆದವನು ನಾನು. ಕಳೆದ ವರ್ಷ ಮಾರ್ಚ್ ಮೊದಲ ವಾರದಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಳಿಯನೊಂದಿಗೆ ಗ್ರೆನಾಡ ಜಲಾಶಯದಲ್ಲಿ ಕ್ರಾಪಿ ಮೀನಿಗಾಗಿ ದೋಣಿಯಿಂದ ಗಾಳ ಎಳೆಯುತ್ತ ಎರಡು ದಿನ ಸುತ್ತಿದೆವು, ಒಂದೂ ಕಚ್ಚಲಿಲ್ಲ. ನಿಂತಲ್ಲೇ ನಿಂತಂತೆ ಕಾಣುತ್ತಿದ್ದ ಪಕ್ಕದ ದೋಣಿಯವರು ಮಾತ್ರ ಒಂದರ ಹಿಂದೊಂದು ಮೀನು ಎತ್ತುತ್ತಿದ್ದರು. ನಮ್ಮ ತಪ್ಪೇನು?
– ಚನ್ನಗಿರಿಯ ಓದುಗರು

ಉತ್ತರ: ಆ ದೋಣಿ ನಿಂತಿರಲಿಲ್ಲ, ಗಂಟೆಗೆ ಒಂದು ಕಿಲೋಮೀಟರಿಗಿಂತಲೂ ಕಡಿಮೆ ವೇಗದಲ್ಲಿ ಸಾಗುತ್ತಿತ್ತು ಎಂದು ಊಹಿಸುತ್ತೇನೆ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ನೀರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಇರುವಾಗ ಕ್ರಾಪಿಗೆ ಜೀರ್ಣಶಕ್ತಿಯೂ ಮಂದ, ಹಸಿವೂ ಮಂದ. ಬಾಯಿಯ ಮುಂದೆ ತೇಲಿ ಬಂದದ್ದನ್ನು ನುಂಗೀತೇ ಹೊರತು ಓಡುವುದನ್ನು ಅಟ್ಟಿಸಿಕೊಂಡು ಹೋಗಲಾರದು. ನೀರು 16 ಡಿಗ್ರಿ ದಾಟಿದ ಮೇಲೆ ಮೊಟ್ಟೆಯಿಡಲು ದಡದ ಕಡೆ ಸರಿಯುವ ಈ ಮೀನು, ಅಲ್ಲಿಯವರೆಗೆ ಜಲಾಶಯಕ್ಕೆ ಹಳ್ಳಗಳು ಸೇರುವ ಬಾಯಿಗಳಲ್ಲಿ, ಮುಳುಗಿದ ಹಳ್ಳದ ಅಂಚಿಗುಂಟ ಹಿಂಡುಗಟ್ಟಿ ನಡುನೀರಿನಲ್ಲಿ ತೂಗಾಡುತ್ತಿರುತ್ತದೆ.

ವೇಗ ತಿಳಿಯಲು ಯಂತ್ರಕ್ಕಿಂತ ನಿಮ್ಮ ದಾರವನ್ನೇ ನಂಬಿ. ದೋಣಿಯ ಮೂತಿಯಲ್ಲಿ ಬೀಸಣಿಗೆಯಂತೆ ಹರಡಿದ ಉದ್ದನೆಯ ಕೋಲುಗಳಿಂದ ಇಳಿದ ದಾರ, ಹದಿನೈದು ಗ್ರಾಂ ಆಸುಪಾಸಿನ ಸೀಸದ ಗುಂಡಿನ ಭಾರಕ್ಕೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು. ಅದು ಹಿಂದಕ್ಕೆ ವಾಲಿತೆಂದರೆ ಎರೆ ಮೇಲೆದ್ದಿದೆ, ಹನ್ನೆರಡು ಅಡಿಯಲ್ಲಿದೆ ಎಂದು ನೀವು ತಿಳಿದದ್ದು ಒಂಬತ್ತರಲ್ಲಿ ಹೋಗುತ್ತಿದೆ ಎಂದರ್ಥ. ಗಾಳಿ ದೋಣಿಯನ್ನು ಹಿಂದಿನಿಂದ ತಳ್ಳುತ್ತಿದ್ದರೆ ಮೂತಿಯನ್ನು ಗಾಳಿಗೆ ತಿರುಗಿಸಿ, ಚಿಕ್ಕ ವಿದ್ಯುತ್ ಮೋಟಾರಿನಿಂದ ತೆವಳುವಂತೆ ಸಾಗಿ. ಹಿಂದುಗಡೆ ಕಬ್ಬಿಣದ ಸರಪಳಿ ಇಳಿಬಿಟ್ಟು ವೇಗ ತಗ್ಗಿಸುವವರೂ ಇದ್ದಾರೆ.

ಕ್ರಾಪಿಯ ಕಣ್ಣಿನ ನೋಟ ಮೇಲ್ಮುಖವಾದದ್ದು. ಆದ್ದರಿಂದ ಎರೆ ಹಿಂಡಿಗಿಂತ ಒಂದೆರಡು ಅಡಿ ಮೇಲಿರಲಿ. ಕೆಳಗಿದ್ದರೆ ಅದರ ಪಾಲಿಗೆ ಇಲ್ಲದಂತೆಯೇ. ಈ ಚಳಿಯಲ್ಲಿ ತುಟಿಗೆ ಚುಚ್ಚಿದ ಜೀವಂತ ಮರಿಮೀನೇ ಉತ್ತಮವೆಂದು ನನ್ನ ಅಭಿಪ್ರಾಯ, ಸೀಸದ ತಲೆಯ ಕೃತಕ ಎರೆಗಳಾದ ಬಣ್ಣದ ಜಿಗ್‌ಗಳ ಸರದಿ ಆಮೇಲೆ. ಮೀನು ಕೆಳಗಿನಿಂದ ಎದ್ದು ಎರೆಯನ್ನು ಹಿಡಿದಾಗ ಕೋಲಿನ ತುದಿ ಬಾಗುವ ಬದಲು ಮೇಲೇಳುವುದೂ, ದಾರ ಸಡಿಲವಾಗುವುದೂ ಉಂಟು. ನಮ್ಮ ಕೆರೆಯಲ್ಲಿ ಬೆಂಡು ಮುಳುಗುವುದನ್ನೇ ಕಾಯ್ದು ಅಭ್ಯಾಸವಾದವರು ಇದನ್ನು ಗಮನಿಸದೆ ಕಳೆದುಕೊಳ್ಳುತ್ತಾರೆ. ಹಾಗೆಂದು ಜಗ್ಗಬೇಡಿ, ಅದರ ಬಾಯಿ ಕಾಗದದಷ್ಟು ತೆಳು, ಹರಿದುಹೋಗುತ್ತದೆ. ಕೋಲನ್ನು ಮೆಲ್ಲನೆ ಎತ್ತಿ ಕೈಬಲೆ ಒಡ್ಡಿ.

ಬೆಳಿಗ್ಗೆ ಆರಕ್ಕೇ ಹೊರಡುವ ಹಟವೂ ಬೇಡ. ಬಿಸಿಲು ಮೇಲ್ನೀರನ್ನು ಒಂದೆರಡು ಡಿಗ್ರಿ ಕಾಯಿಸಿದ ಮಧ್ಯಾಹ್ನವೇ ಈ ಕಾಲಕ್ಕೆ ಒಳ್ಳೆಯ ಹೊತ್ತು. ಒಬ್ಬರು ಎಷ್ಟು ಕೋಲು ಹಾಕಬಹುದೆಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ, ಪರವಾನಗಿ ಪಡೆಯುವಾಗಲೇ ಕೇಳಿಕೊಳ್ಳಿ.

ಪ್ರಶ್ನೆ: ಕ್ರಾಪಿ ಮರಿಗಳನ್ನು ತಂದು ವಾಣಿವಿಲಾಸ ಸಾಗರಕ್ಕೆ ಬಿಡಬಹುದೇ?
– ಹಿರಿಯೂರಿನ ಓದುಗರು

ಉತ್ತರ: ಖಂಡಿತ ಬೇಡ. ಅದು ಉತ್ತರ ಅಮೆರಿಕದ ಮೀನು, ಮರಿಮೀನುಗಳನ್ನು ತಿಂದು ಬದುಕುವಂಥದ್ದು. ಹೊರಗಿನಿಂದ ಬಂದ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ನೀರಿಗೆ ಸೇರಿ, ಕೊನೆಗೆ ಅದರ ಸಾಕಣೆಯನ್ನೇ ಸರ್ಕಾರ ನಿಷೇಧಿಸಬೇಕಾಯಿತು. ವೇದಾವತಿಯ ನೀರಿನಲ್ಲಿ ಕಾಟ್ಲಾ, ರೋಹುಗಳೇ ಇರಲಿ.