ಮಕ್ಕಳ ಜೀವನಾಂಶ ಬಂದರೆ ಸರ್ಕಾರದ ನೆರವು ನಿಲ್ಲುತ್ತದೆಯೇ?

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದ ಮೂರು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ವಿಚ್ಛೇದನದ ಹಣಕಾಸಿನ ಇತ್ಯರ್ಥವು ಆದಾಯ ಮತ್ತು ಆಸ್ತಿಯನ್ನು ಅಳೆದು ಕೊಡುವ ಸರ್ಕಾರಿ ನೆರವಿನ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದೇ ಮೂರರಲ್ಲಿಯೂ ಇರುವ ಪ್ರಶ್ನೆ. ಪತ್ರ ಬರೆದವರ ಗುರುತು ತಿಳಿಯಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷವಾಯಿತು, ಇಲ್ಲಿ ಕಾಯಂ ವಾಸದ ಅನುಮತಿಯೂ ಇದೆ. ನಾಲ್ಕು ತಿಂಗಳ ಹಿಂದೆ ಮನೆ ಬಿಟ್ಟು, ಒಂಬತ್ತು ಮತ್ತು ಆರು ವರ್ಷದ ಮಕ್ಕಳೊಡನೆ ಮಿಲ್ಟನ್ ಕೀನ್ಸ್‌ನಲ್ಲಿ ಬಾಡಿಗೆಗೆ ಇದ್ದೇನೆ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯ ಕೆಲಸವಿದೆ. ಸಂಬಳ ಸಾಲದ್ದಕ್ಕೆ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಬರುತ್ತಿದೆ. ಪತಿಯ ವಾರ್ಷಿಕ ಸಂಬಳ 52,000 ಪೌಂಡ್. ಅವರ ವಕೀಲರು ಕಳುಹಿಸಿರುವ ಕರಡಿನಲ್ಲಿ "ಪತ್ನಿಗೆ ತಿಂಗಳಿಗೆ 900 ಪೌಂಡ್ ಜೀವನಾಂಶ" ಎಂದು ಒಂದೇ ಸಾಲಿದೆ. ಮನೆ ಮಾರಿದರೆ ನನ್ನ ಪಾಲಿಗೆ 38,000 ಪೌಂಡ್ ಬರಬಹುದು. ಜೀವನಾಂಶ ತೆಗೆದುಕೊಂಡರೆ ನೆರವೆಲ್ಲ ನಿಲ್ಲುತ್ತದೆ, ಬೇಡವೆಂದು ಬರೆದುಕೊಡು, ಮನೆಯ ಹಣವನ್ನು ಊರಿನಲ್ಲಿರುವ ಅಪ್ಪನ ಖಾತೆಗೆ ಹಾಕಿಬಿಡು ಎಂದು ಪರಿಚಯದ ಹಿರಿಯರೊಬ್ಬರು ಹೇಳುತ್ತಿದ್ದಾರೆ. ದಾವಣಗೆರೆಯಲ್ಲಿ ನನ್ನ ಹೆಸರಿನಲ್ಲಿ ಒಂದು ಸೈಟು ಇದೆ, ಮದುವೆಯಲ್ಲಿ ಹಾಕಿದ ಒಡವೆಯೂ ನನ್ನ ಬಳಿಯೇ ಇದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಆ ಕರಡಿಗೆ ಈಗಲೇ ಸಹಿ ಹಾಕಬೇಡಿ. ಆ ಹಿರಿಯರು ಹೇಳಿದಂತೆ ಜೀವನಾಂಶ ಬೇಡವೆಂದೂ ಬರೆದುಕೊಡಬೇಡಿ.

ನಿಮ್ಮ ಹಿತೈಷಿಗಳ ಮಾತಿಗೆ ಹಳೆಯ ಕಾಲದ ಆಧಾರವಿದೆ. ಹಿಂದೆ ಅಲ್ಲಿ ನೆರವು ಪಡೆಯುವ ತಾಯಿಗೆ ಮಕ್ಕಳ ಜೀವನಾಂಶ ಬಂದರೆ ವಾರಕ್ಕೆ 20 ಪೌಂಡನ್ನು ಬಿಟ್ಟು ಉಳಿದದ್ದನ್ನು ನೆರವಿನಿಂದ ಕಳೆಯುತ್ತಿದ್ದರು. ತಂದೆ ಕೊಟ್ಟ ಹಣ ಮಕ್ಕಳ ತಟ್ಟೆಗೆ ಬರದೆ ಖಜಾನೆಗೆ ಹೋಗುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಆ ಕಡಿತ ರದ್ದಾಯಿತು. ಅನಂತರ ಬಂದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿಯೂ ಮಕ್ಕಳ ಜೀವನಾಂಶವನ್ನು ತಾಯಿಯ ಆದಾಯವೆಂದು ಎಣಿಸುವುದಿಲ್ಲ. ಅದು ತಿಂಗಳಿಗೆ 100 ಪೌಂಡ್ ಇರಲಿ, 1,000 ಪೌಂಡ್ ಇರಲಿ, ನಿಮ್ಮ ನೆರವಿನಿಂದ ಒಂದು ಪೆನ್ನಿಯೂ ಕಡಿಮೆಯಾಗುವುದಿಲ್ಲ.

ಹೆಂಡತಿಗೆಂದು ಬರುವ ಜೀವನಾಂಶದ ಲೆಕ್ಕ ಇದಕ್ಕೆ ಪೂರ್ತಿ ವಿರುದ್ಧವಾದುದು. ನಿಮ್ಮ ಸಂಬಳ ಹೆಚ್ಚಿದರೆ, ನಿಗದಿತ ವಿನಾಯಿತಿಯ ಮೇಲಿನ ಪ್ರತಿ ಪೌಂಡಿಗೆ 55 ಪೆನ್ಸ್ ಮಾತ್ರ ನೆರವಿನಿಂದ ಕಡಿತವಾಗುತ್ತದೆ. ಆದರೆ ನ್ಯಾಯಾಲಯದ ಆದೇಶದಿಂದಲೋ ಒಪ್ಪಂದದಿಂದಲೋ ನಿಮ್ಮ ನಿರ್ವಹಣೆಗೆಂದು ಪತಿ ಕೊಡುವ ಹಣ ಪೌಂಡಿಗೆ ಪೌಂಡ್ ಕಡಿತವಾಗುತ್ತದೆ. ಆದುದರಿಂದ ನಿಮ್ಮ ಕರಡಿನಲ್ಲಿರುವ ಆ ಒಂದು ಸಾಲು ಅಪಾಯದ್ದು. ಅದನ್ನು ಓದುವ ಅಧಿಕಾರಿಗೆ 900 ಪೌಂಡೂ ಪತ್ನಿಯದೇ ಎಂದು ಕಾಣುತ್ತದೆ. ಮಕ್ಕಳ ಹೆಸರು ಅಲ್ಲಿ ಇಲ್ಲ.

ಹಾಗಾದರೆ ಅದರಲ್ಲಿ ಮಕ್ಕಳ ಪಾಲು ಎಷ್ಟು? ಮಕ್ಕಳ ಜೀವನಾಂಶವನ್ನು ಲೆಕ್ಕ ಹಾಕಿ ಕೊಡಿಸುವ ಸರ್ಕಾರಿ ಸೇವೆಯಾದ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಅನುಸರಿಸುವ ಸೂತ್ರದಿಂದ ನೋಡೋಣ. 52,000 ಪೌಂಡ್ ಎಂದರೆ ವಾರಕ್ಕೆ 1,000 ಪೌಂಡ್. ಇಬ್ಬರು ಮಕ್ಕಳಿಗೆ ಮೊದಲ 800 ಪೌಂಡಿನ ಮೇಲೆ ಶೇಕಡ 16, ಅಂದರೆ 128 ಪೌಂಡ್. ಉಳಿದ 200 ಪೌಂಡಿನ ಮೇಲೆ ಶೇಕಡ 12, ಅಂದರೆ 24 ಪೌಂಡ್. ಒಟ್ಟು ವಾರಕ್ಕೆ 152, ತಿಂಗಳಿಗೆ ಸುಮಾರು 659 ಪೌಂಡ್. ಪತಿ ತಮ್ಮ ಪಿಂಚಣಿಗೆ ವಂತಿಗೆ ಕಟ್ಟುತ್ತಿದ್ದರೆ ಅದನ್ನು ಸಂಬಳದಿಂದ ಕಳೆದು ಲೆಕ್ಕ ಹಾಕುತ್ತಾರೆ. ಮಕ್ಕಳು ವರ್ಷದಲ್ಲಿ 52ರಿಂದ 103 ರಾತ್ರಿ ತಂದೆಯ ಮನೆಯಲ್ಲಿ ಮಲಗುವುದಾದರೆ ಏಳರಲ್ಲಿ ಒಂದು ಪಾಲು ಇಳಿಯುತ್ತದೆ. ಇದು ಸೇವೆಯವರ ಲೆಕ್ಕ ಮಾತ್ರ. ತಂದೆತಾಯಿ ಒಪ್ಪಿಕೊಂಡು ಇದಕ್ಕಿಂತ ಹೆಚ್ಚು ನಿಗದಿ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಕರಡನ್ನು ಎರಡು ಸಾಲಾಗಿ ಒಡೆದು, ಮಕ್ಕಳಿಗೆ 660, ಪತ್ನಿಗೆ 240 ಎಂದು ಬರೆದರೆ ನಿಮ್ಮ ನೆರವಿನಿಂದ ಹೋಗುವುದು 240 ಪೌಂಡ್. ಈಗಿರುವಂತೆಯೇ ಬಿಟ್ಟರೆ 900 ಹೋಗಬಹುದು. ಪತಿ ಕೊಡುವ ಹಣ ಎರಡು ಕಡೆಯೂ ಅಷ್ಟೇ ಇದ್ದು, ಬರಹ ಬದಲಾಗುವುದರಿಂದಲೇ ನಿಮ್ಮ ಮನೆಯಲ್ಲಿ ತಿಂಗಳಿಗೆ 660 ಪೌಂಡಿನ ವ್ಯತ್ಯಾಸವಾಗುತ್ತದೆ. ಹಾಗೆಂದು ನಿಮಗೆ ಬರಬೇಕಾದುದನ್ನು ಮಕ್ಕಳ ಹೆಸರಿನ ಮರೆಯಲ್ಲಿ ಇಡಬಾರದು. ಶಾಲೆಯ ಬಟ್ಟೆ, ಈಜಿನ ತರಗತಿ, ನೀವು ಕೆಲಸಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನಿಜವಾದ ಮೊತ್ತವನ್ನು ವಕೀಲರ ಮುಂದಿಡಿ.

ನಿಮ್ಮ ಪಾಲಿಗೆ ಉಳಿಯುವ 240 ಪೌಂಡಿನ ಬಗ್ಗೆಯೂ ಯೋಚಿಸಬೇಕು. ಪತಿ ಕೊಟ್ಟಷ್ಟನ್ನೂ ಸರ್ಕಾರ ನೆರವಿನಿಂದ ಕಳೆಯುವುದಾದರೆ ಅದರಿಂದ ನಿಮ್ಮ ಕೈಗೆ ಹೆಚ್ಚಿನದೇನೂ ಬರುವುದಿಲ್ಲ. ಅದಕ್ಕೆ ಬದಲಾಗಿ ಪತಿಯ ಪಿಂಚಣಿ ನಿಧಿಯಲ್ಲಿ ಪಾಲು ಕೇಳುವುದು ಎಷ್ಟೋ ಮೇಲು. ನಮ್ಮ ಹೆಣ್ಣುಮಕ್ಕಳು ಮನೆ ಮತ್ತು ಒಡವೆಯ ಬಗ್ಗೆ ಮಾತನಾಡುತ್ತಾರೆ, ಪಿಂಚಣಿಯನ್ನು ಕೇಳುವುದೇ ಇಲ್ಲ. ಮಕ್ಕಳಿಗಾಗಿ ಕೆಲಸ ಬಿಟ್ಟು ಮನೆಯಲ್ಲಿ ಕಳೆದ ವರ್ಷಗಳ ಗಳಿಕೆಯೆಲ್ಲ ಎಷ್ಟೋ ಸಲ ಗಂಡನ ಹೆಸರಿನ ಆ ನಿಧಿಯಲ್ಲಿಯೇ ಕೂತಿರುತ್ತದೆ. ಇದು ನನಗೆ ಬಹಳ ನೋವಿನ ಸಂಗತಿ. ಪಿಂಚಣಿ ನಿಧಿಯಲ್ಲಿ ನಿಮ್ಮ ಹೆಸರಿಗೆ ಬರುವ ಪಾಲನ್ನು ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ನಿಮ್ಮ ಉಳಿತಾಯವೆಂದು ಎಣಿಸುವುದಿಲ್ಲ. ಮುಂದೆ ಕಷ್ಟ ಬಂದರೆ ಜೀವನಾಂಶ ಕೇಳುವ ಬಾಗಿಲು ಮುಚ್ಚಬಾರದೆಂದಿದ್ದರೆ, ವರ್ಷಕ್ಕೆ 1 ಪೌಂಡಿನಂಥ ಹೆಸರಿಗಷ್ಟೇ ಇರುವ ಜೀವನಾಂಶವನ್ನು ಆದೇಶದಲ್ಲಿ ಉಳಿಸಿಕೊಳ್ಳುವ ಪದ್ಧತಿ ಅಲ್ಲಿನ ನ್ಯಾಯಾಲಯಗಳಲ್ಲಿ ಇದೆ. ನೀವು ಮರುಮದುವೆಯಾದರೆ ಪತ್ನಿಯ ಜೀವನಾಂಶ ನಿಲ್ಲುತ್ತದೆ, ಮಕ್ಕಳದು ನಿಲ್ಲುವುದಿಲ್ಲ ಎಂಬುದೂ ತಿಳಿದಿರಲಿ.

ಈಗ ಮನೆಯ ಹಣ. ಯೂನಿವರ್ಸಲ್ ಕ್ರೆಡಿಟ್ ಪಡೆಯುವವರ ಉಳಿತಾಯ ಮತ್ತು ಆಸ್ತಿ 6,000 ಪೌಂಡಿನವರೆಗೆ ಇದ್ದರೆ ತೊಂದರೆಯಿಲ್ಲ. ಅದರ ಮೇಲೆ ಪ್ರತಿ 250 ಪೌಂಡಿಗೆ ಅಥವಾ ಅದರ ಭಾಗಕ್ಕೆ ತಿಂಗಳಿಗೆ 4.35 ಪೌಂಡ್ ಆದಾಯವಿದೆ ಎಂದು ಭಾವಿಸಿ ಕಳೆಯುತ್ತಾರೆ. 10,000 ಪೌಂಡ್ ಇದ್ದರೆ ಕಡಿತ 69.60 ಪೌಂಡ್. 16,000 ದಾಟಿದರೆ ನೆರವೇ ನಿಲ್ಲುತ್ತದೆ. ನಿಮ್ಮ 38,000 ಪೌಂಡ್ ಸುಮ್ಮನೆ ಖಾತೆಯಲ್ಲಿ ಬಿದ್ದರೆ ಆಗುವುದು ಅದೇ. ಆದರೆ ಸಂಬಂಧ ಮುರಿದು ಮನೆ ಬಿಟ್ಟವರಿಗೆ ಆ ಮನೆಯಲ್ಲಿನ ಪಾಲನ್ನು ಮೊದಲ ಆರು ತಿಂಗಳು ಎಣಿಸುವುದಿಲ್ಲ. ಅನಂತರವೂ ಅದನ್ನು ಮಾರಲು ನಿಜವಾಗಿ ಯತ್ನಿಸುತ್ತಿದ್ದರೆ ಮಾರಾಟದ ಯತ್ನ ಆರಂಭವಾದಂದಿನಿಂದ ಆರು ತಿಂಗಳ ವಿನಾಯಿತಿ ಇದೆ. ಮಾರಿ ಬಂದ ಹಣವನ್ನು ನಿಮಗೂ ಮಕ್ಕಳಿಗೂ ಇನ್ನೊಂದು ಮನೆ ಕೊಳ್ಳಲೆಂದು ಇಟ್ಟಿದ್ದರೆ ಅದಕ್ಕೂ ಆರು ತಿಂಗಳಿದೆ, ಕಾರಣ ಸರಿಯಾಗಿದ್ದರೆ ಅವಧಿಯನ್ನು ವಿಸ್ತರಿಸುತ್ತಾರೆ. 38,000 ಪೌಂಡಿಗೆ ಪೂರ್ತಿ ಮನೆ ಸಿಗದಿದ್ದರೂ, ಮನೆಯ ಒಂದು ಪಾಲನ್ನು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವ ಶೇರ್ಡ್ ಓನರ್‌ಶಿಪ್ ವ್ಯವಸ್ಥೆಯನ್ನು ವಿಚಾರಿಸಿ. ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಿ. ಬಂದ ದಿನವೇ, ಯಾವ ಉದ್ದೇಶಕ್ಕೆ ಇಟ್ಟಿದ್ದೀರಿ ಎಂಬುದನ್ನು ಯೂನಿವರ್ಸಲ್ ಕ್ರೆಡಿಟ್‌ನ ಆನ್‌ಲೈನ್ ಜರ್ನಲ್‌ನಲ್ಲಿ ಬರೆಯಿರಿ.

ತಂದೆಯ ಖಾತೆಗೆ ಹಾಕುವ ಯೋಚನೆಯನ್ನು ಬಿಟ್ಟುಬಿಡಿ. ನೆರವು ಸಿಗಲೆಂದು ಹಣವನ್ನು ಕೈಬಿಟ್ಟವರಿಗೆ ಆ ಹಣ ಇನ್ನೂ ಅವರ ಬಳಿಯೇ ಇದೆ ಎಂದು ಲೆಕ್ಕ ಹಿಡಿಯುತ್ತಾರೆ. ಆಗ ಕೈಯಲ್ಲಿ ಹಣವೂ ಇರುವುದಿಲ್ಲ, ನೆರವೂ ಸಿಗುವುದಿಲ್ಲ. ನಿಜವಾದ ಸಾಲವಿದ್ದರೆ ಅದನ್ನು ತೀರಿಸಬಹುದು, ಅದಕ್ಕೆ ಆಕ್ಷೇಪವಿಲ್ಲ, ರಸೀದಿಗಳನ್ನು ಇಟ್ಟುಕೊಳ್ಳಿ.

ಒಡವೆಯ ಬಗ್ಗೆ ನೆಮ್ಮದಿಯಿಂದಿರಿ. ನಿಮ್ಮ ಸ್ವಂತದ ಬಳಕೆಯ ಒಡವೆ ವೈಯಕ್ತಿಕ ವಸ್ತುವಾದ್ದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಾರಿದರೆ ಬಂದ ಹಣ ಬರುತ್ತದೆ. ಸೈಟಿನ ವಿಷಯ ಹಾಗಲ್ಲ. ಹೊರದೇಶದ ಆಸ್ತಿಯೂ ಆಸ್ತಿಯೇ. ದಾವಣಗೆರೆಯ ಮಾರುಕಟ್ಟೆ ಬೆಲೆಯಲ್ಲಿ ಮಾರಾಟದ ಖರ್ಚಿಗೆಂದು ಶೇಕಡ 10 ಮತ್ತು ಅದರ ಮೇಲೆ ಅಡಮಾನದ ಸಾಲವಿದ್ದರೆ ಅದನ್ನೂ ಕಳೆದು ಉಳಿದದ್ದನ್ನು ಎಣಿಸುತ್ತಾರೆ. ಈವರೆಗೆ ನೀವು ಅದನ್ನು ತಿಳಿಸಿಲ್ಲವೆಂದು ಪತ್ರದ ಧಾಟಿಯಿಂದ ತೋರುತ್ತದೆ. ವಿಚ್ಛೇದನದ ಕಾಗದಗಳಲ್ಲಿ ಆ ಸೈಟು ಹೇಗೂ ಬರೆಯಲ್ಪಡುತ್ತದೆ. ಒಳ್ಳೆಯ ಸಲಹೆಗಾರರನ್ನು ಕಂಡು (ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆಯ ಕಚೇರಿಯಲ್ಲಿ ಈ ಸಲಹೆಗೆ ಶುಲ್ಕವಿಲ್ಲ) ತಡಮಾಡದೆ ನೀವೇ ತಿಳಿಸುವುದು ಕ್ಷೇಮ.

ಇನ್ನು ಮೂರು ಸಣ್ಣ ಸಂಗತಿಗಳಿವೆ. ಮಕ್ಕಳ ಜೀವನಾಂಶ ಆದಾಯವಲ್ಲವಾದರೂ, ಖರ್ಚಾಗದೆ ನಿಮ್ಮ ಖಾತೆಯಲ್ಲಿ ಕೂಡುತ್ತ ಹೋದರೆ ಅದು ನಿಮ್ಮ ಉಳಿತಾಯವಾಗುತ್ತದೆ. ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆಯ ರಿಯಾಯಿತಿಗೆ ಇಂಗ್ಲೆಂಡಿನಲ್ಲಿ ಪ್ರತಿ ಕೌನ್ಸಿಲಿಗೂ ಅದರದೇ ನಿಯಮವಿರುವುದರಿಂದ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಕನ್ಸೆಂಟ್ ಆರ್ಡರ್, ಅಂದರೆ ನಿಮ್ಮಿಬ್ಬರ ಒಪ್ಪಂದದಂತೆ ನ್ಯಾಯಾಲಯ ಕೊಡುವ ಆದೇಶ, ಆಗಿ ಹನ್ನೆರಡು ತಿಂಗಳು ಕಳೆದ ಮೇಲೆ ನೀವಾಗಲಿ ಪತಿಯಾಗಲಿ ಮಕ್ಕಳ ಜೀವನಾಂಶಕ್ಕೆ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ಗೆ ಅರ್ಜಿ ಹಾಕಬಹುದು; ಆಗ ಮೇಲಿನ ಸೂತ್ರವೇ ಅನ್ವಯವಾಗುತ್ತದೆ. ಆದುದರಿಂದ ಇಂದು ಒಪ್ಪಿದ ಮೊತ್ತ ಕೊನೆಯತನಕ ಇರುತ್ತದೆಂದು ನಂಬಿ ಮನೆಯ ಸಾಲ ಮಾಡಬೇಡಿ.

ಪ್ರಶ್ನೆ: ಪತಿ ಕೌಶಲ ಉದ್ಯೋಗಿಯ ವೀಸಾದಲ್ಲಿದ್ದಾರೆ, ನಾನು ಮತ್ತು ನಾಲ್ಕು ವರ್ಷದ ಮಗಳು ಅವರ ಅವಲಂಬಿತರು. ನಾವು ಬೇರೆಯಾಗಿದ್ದೇವೆ. ಸರ್ಕಾರದ ಹಣ ಪಡೆಯುವಂತಿಲ್ಲ ಎಂದು ನನ್ನ ವೀಸಾದಲ್ಲಿದೆ. ಮಗಳಿಗೆ ಜೀವನಾಂಶ ಕೇಳಿದರೆ ಅದಕ್ಕೆ ಭಂಗವಾಗುತ್ತದೆಯೇ?

ಉತ್ತರ: ಇಲ್ಲ. ಮಗಳ ಜೀವನಾಂಶ ತಂದೆಯ ಹಣ. ವಲಸೆ ನಿಯಮಗಳು ಸಾರ್ವಜನಿಕ ನಿಧಿ ಎಂದು ಪಟ್ಟಿ ಮಾಡಿರುವುದರಲ್ಲಿ ಅದು ಸೇರಿಲ್ಲ. ನೀವಿಬ್ಬರೂ ಬ್ರಿಟನ್ನಿನಲ್ಲಿ ವಾಸವಿರುವ ತನಕ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ಗೆ ಧೈರ್ಯವಾಗಿ ಅರ್ಜಿ ಹಾಕಿ; ಹಿಂದೆ ಇದ್ದ 20 ಪೌಂಡಿನ ಅರ್ಜಿ ಶುಲ್ಕವನ್ನೂ 2024ರ ಫೆಬ್ರುವರಿಯಲ್ಲಿ ತೆಗೆದುಹಾಕಿದ್ದಾರೆ. ಆದರೆ ಯೂನಿವರ್ಸಲ್ ಕ್ರೆಡಿಟ್, ಮಕ್ಕಳಿಗೆಂದು ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಮುಂತಾದವು ಸಾರ್ವಜನಿಕ ನಿಧಿಗಳು, ಅವುಗಳಿಗೆ ಅರ್ಜಿ ಹಾಕಬೇಡಿ. ಮಗಳ ಊಟ ವಸತಿಗೇ ಕಷ್ಟವಾದರೆ, 1989ರ ಚಿಲ್ಡ್ರನ್ ಆಕ್ಟ್‌ನ 17ನೇ ಸೆಕ್ಷನ್ನಿನಂತೆ ಸ್ಥಳೀಯ ಕೌನ್ಸಿಲಿನ ಮಕ್ಕಳ ವಿಭಾಗವನ್ನು ಕೇಳಬಹುದು. ಆ ನೆರವು ವೀಸಾದ ನಿಷೇಧಕ್ಕೆ ಒಳಪಡುವುದಿಲ್ಲ.

ಮನೆಯಲ್ಲಿ ಹಿಂಸೆಯಿತ್ತೇ ಎಂಬುದನ್ನು ನೀವು ಬರೆದಿಲ್ಲ. ಇದ್ದಿದ್ದರೆ, 2024ರ ಫೆಬ್ರುವರಿಯಿಂದ ಉದ್ಯೋಗ ವೀಸಾದವರ ಸಂಗಾತಿಗಳಿಗೂ ಮೂರು ತಿಂಗಳ ಕಾಲ ಸರ್ಕಾರದ ನೆರವು ಪಡೆಯುವ ವಿಶೇಷ ಅನುಮತಿ ದೊರೆಯುತ್ತದೆ. ಆದರೆ ಅದನ್ನು ಪಡೆದೊಡನೆ ಈಗಿರುವ ವೀಸಾ ಹೋಗುತ್ತದೆ, ಮತ್ತು ನಿಮ್ಮಂಥ ವೀಸಾದವರಿಗೆ ಅದು ಕಾಯಂ ವಾಸಕ್ಕೆ ದಾರಿಯಾಗುವುದಿಲ್ಲ. ವಲಸೆ ವಕೀಲರನ್ನು ಕಾಣದೆ ಆ ಅರ್ಜಿಗೆ ಕೈಹಾಕಬೇಡಿ. ಪತಿ ಕೆಲಸ ಬಿಟ್ಟು ಭಾರತಕ್ಕೆ ಮರಳಿ ನೆಲೆಸಿದರೆ ಸಾಮಾನ್ಯವಾಗಿ ಬ್ರಿಟನ್ನಿನ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ನ ಅಧಿಕಾರ ಕೊನೆಯಾಗುತ್ತದೆ. ಆಗ ಇಲ್ಲಿ ಭಾರತದಲ್ಲಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿಯಲ್ಲಿ ಮಗಳಿಗೆ ಜೀವನಾಂಶ ಕೇಳುವ ದಾರಿಯಿದೆ. 2024ರ ಜುಲೈ 1ಕ್ಕೆ ಮೊದಲು ಎಲ್ಲರಿಗೂ ಗೊತ್ತಿದ್ದ 125ನೇ ಸೆಕ್ಷನ್ನಿನ ಜಾಗದಲ್ಲಿ ಈಗ ಇರುವುದು ಅದೇ.

ಪ್ರಶ್ನೆ: ನಾನು ಕೊವೆಂಟ್ರಿಯಲ್ಲಿದ್ದೇನೆ. ವಿಚ್ಛೇದನವಾಗಿದೆ, ಮಗ ತಾಯಿಯ ಜೊತೆಗಿದ್ದಾನೆ. ಕೆಲಸ ಹೋಗಿ ನಾನೇ ಯೂನಿವರ್ಸಲ್ ಕ್ರೆಡಿಟ್‌ನಲ್ಲಿದ್ದೇನೆ. ಹಿಂದಿನಂತೆ ತಿಂಗಳಿಗೆ 400 ಪೌಂಡ್ ಕೊಡಲು ಆಗುತ್ತಿಲ್ಲ.

ಉತ್ತರ: ನೀವು ಕೊಡುವ ಜೀವನಾಂಶವನ್ನು ನಿಮ್ಮ ಆದಾಯದಿಂದ ಕಳೆದು ನೆರವನ್ನು ಹೆಚ್ಚಿಸುವ ವ್ಯವಸ್ಥೆ ಅಲ್ಲಿ ಇಲ್ಲ. ಆದುದರಿಂದ ಲೆಕ್ಕವನ್ನೇ ಬದಲಿಸಿಕೊಳ್ಳಬೇಕು. 400 ಪೌಂಡನ್ನು ಸೇವೆಯವರೇ ನಿಗದಿ ಮಾಡಿದ್ದರೆ ಇಂದೇ ಅವರಿಗೆ ತಿಳಿಸಿ. ನಿಮ್ಮಂತೆ ಗಳಿಕೆಯಿಲ್ಲದೆ ನೆರವಿನಲ್ಲಿ ಇರುವವರಿಗೆ ವಾರಕ್ಕೆ 7 ಪೌಂಡಿನ ಒಂದೇ ದರವಿದೆ; ಮಗ ವಾರಕ್ಕೆ ಒಂದು ರಾತ್ರಿಯಾದರೂ ನಿಮ್ಮಲ್ಲಿ ಉಳಿಯುತ್ತಿದ್ದರೆ ಅದೂ ಇರುವುದಿಲ್ಲ. ತಿಳಿಸದೆ ಸುಮ್ಮನಿದ್ದರೆ ಹಳೆಯ ದರದಲ್ಲಿಯೇ ಬಾಕಿ ಬೆಳೆಯುತ್ತದೆ. ಹಣವನ್ನು ಸೇವೆಯವರ ಮೂಲಕ ಕಟ್ಟಿಸಿದರೆ ನಿಮ್ಮಿಂದ ಶೇಕಡ 20 ಹೆಚ್ಚು ಪಡೆದು, ಮಗನ ತಾಯಿಗೆ ಹೋಗುವುದರಲ್ಲಿ ಶೇಕಡ 4 ಹಿಡಿಯುತ್ತಾರೆ. ನೇರವಾಗಿ ಅವರ ಖಾತೆಗೆ ಹಾಕಿದರೆ ಇವೆರಡೂ ಇಲ್ಲ. ನ್ಯಾಯಾಲಯದ ಆದೇಶವಾಗಿದ್ದರೆ ಮಾತ್ರ ದಾರಿ ಬೇರೆ: ಅದನ್ನು ಬದಲಿಸಲು ನ್ಯಾಯಾಲಯಕ್ಕೇ ಹೋಗಬೇಕು, ಇಲ್ಲವೆ ಆದೇಶವಾಗಿ ಹನ್ನೆರಡು ತಿಂಗಳು ಕಳೆದಿದ್ದರೆ ಸೇವೆಗೆ ಹೊಸ ಅರ್ಜಿ ಹಾಕಬೇಕು.

ಇವೆಲ್ಲಕ್ಕೂ ಮೊದಲು ಮಗನ ತಾಯಿಗೆ ಎರಡು ಸಾಲು ಬರೆಯಿರಿ. ಅವರು ಯೂನಿವರ್ಸಲ್ ಕ್ರೆಡಿಟ್ ಪಡೆಯುತ್ತಿದ್ದರೂ ನಿಮ್ಮ 400 ಪೌಂಡ್ ನಿಂತ ಕೊರತೆಯನ್ನು ಆ ನೆರವು ತುಂಬಿಕೊಡುವುದಿಲ್ಲ, ಏಕೆಂದರೆ ಆ ಹಣವನ್ನು ಅವರ ಆದಾಯವೆಂದು ಎಂದೂ ಎಣಿಸಿರಲಿಲ್ಲ. ಮುಂದಿನ ತಿಂಗಳ ಬಾಡಿಗೆ ಕಟ್ಟುವ ಮೊದಲೇ ಅವರಿಗೆ ಇದು ತಿಳಿದಿರಬೇಕು.