ಆಕಾಶದಲ್ಲೊಂದು ಚುಕ್ಕೆ, ಲೆನ್ಸಿಗೆ ಬೈಗುಳ

ಪ್ರಶ್ನೆ: ನನ್ನದು ಲೆನ್ಸ್ ಬದಲಾಯಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ. ಇತ್ತೀಚೆಗೆ ಆಕಾಶ ಇರುವ ಫೋಟೊಗಳಲ್ಲೆಲ್ಲ ಬಲ ಮೇಲ್ಮೂಲೆಯಲ್ಲಿ ಒಂದು ಮಸುಕು ಚುಕ್ಕೆ. ಲೆನ್ಸ್ ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಮನೆಯೊಳಗೆ ತೆಗೆದ ಫೋಟೊಗಳಲ್ಲಿ ಮಾತ್ರ ಕಾಣುವುದಿಲ್ಲ. ಲೆನ್ಸ್ ಹಾಳಾಗಿದೆಯೇ?

ಉತ್ತರ: ಒರೆಸುವುದನ್ನು ನಿಲ್ಲಿಸಿ, ಲೆನ್ಸಿನ ತಪ್ಪೇನೂ ಇಲ್ಲ. ಸೆನ್ಸರ್ (ಲೆನ್ಸಿನ ಹಿಂದೆ ಬಿಂಬವನ್ನು ಹಿಡಿಯುವ ಚಿಪ್) ಮುಂದಿನ ಗಾಜಿನ ಮೇಲೆ ದೂಳಿನ ಕಣವೊಂದು ಕೂತಿದೆ. ಮನೆಯೊಳಗೆ ಬೆಳಕು ಕಡಿಮೆ, ಹಾಗಾಗಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಎಫ್/2.8ರ ಆಸುಪಾಸಿನಲ್ಲಿ ಅಗಲವಾಗಿ ತೆರೆದಿರುತ್ತದೆ. ಬೆಳಕು ನಾನಾ ಕೋನಗಳಿಂದ ಬಂದು ಕಣದ ನೆರಳನ್ನು ಕರಗಿಸಿಬಿಡುತ್ತದೆ. ಬಿಸಿಲಿನಲ್ಲಿ ಎಫ್/11, ಎಫ್/16ಕ್ಕೆ ಕಿರಿದಾದಾಗ ಅದೇ ನೆರಳು ಗಟ್ಟಿಯಾಗಿ ಬೀಳುತ್ತದೆ.

ಖಾತ್ರಿ ಮಾಡಿಕೊಳ್ಳಬೇಕೇ? ಎಫ್/16 ಇಟ್ಟು, ಬೇಕೆಂದೇ ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಫೋಟೊ ತೆಗೆಯಿರಿ. ಕೈ ಅಲುಗಿದರೆ ಇನ್ನೂ ಒಳ್ಳೆಯದು: ಗೋಡೆಯ ಕಲೆಗಳು ಕಲಸಿಹೋಗುತ್ತವೆ, ದೂಳು ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲು ಮೆನುವಿನ ಸೆನ್ಸರ್ ಕ್ಲೀನಿಂಗನ್ನು ಎರಡು ಮೂರು ಸಲ ಓಡಿಸಿ. ಬಗ್ಗದಿದ್ದರೆ ಲೆನ್ಸ್ ಕಳಚಿ, ಅಮುಕಿ ಗಾಳಿ ಬಿಡುವ ರಬ್ಬರ್ ಬ್ಲೋವರ್. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ (ಉದುರಿದ ದೂಳು ಮತ್ತೆ ಒಳಗೇ ಕೂರಬಾರದಲ್ಲ), ಬ್ಲೋವರ್ ಮೂತಿ ಒಳಗೆ ಎಲ್ಲೂ ತಾಗದಿರಲಿ. ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ, ಫೋಟೊದ ಮೇಲ್ಗಡೆ ಕಾಣುವ ನಿಮ್ಮ ಚುಕ್ಕೆಯ ಮೂಲ ಸೆನ್ಸರಿನ ಕೆಳಭಾಗದಲ್ಲಿದೆ. ಗಾಳಿ ಅಲ್ಲಿಗೆ ಬಿಡಿ.

ಬಾಯಿಂದ ಮಾತ್ರ ಊದಬೇಡಿ. ನಾನೊಮ್ಮೆ ಅವಸರಕ್ಕೆ ಊದಿ, ಒಂದು ಚುಕ್ಕೆ ಇದ್ದಲ್ಲಿ ಎಂಜಲಿನ ಏಳೆಂಟು ಚುಕ್ಕೆ ಮಾಡಿಕೊಂಡಿದ್ದೆ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ, ಅದರೊಳಗಿನ ದ್ರವ ಚಿಮ್ಮಿ ಅಂಟುತ್ತದೆ. ಊದಿದರೂ ಹೋಗದ ಜಿಡ್ಡಿನ ಕಲೆಗೆ ಸೆನ್ಸರ್ ಸ್ವಾಬ್ (ಸೆನ್ಸರ್ ಒರೆಸುವ ವಿಶೇಷ ಕಡ್ಡಿ) ಬೇಕು. ಅಭ್ಯಾಸವಿಲ್ಲದಿದ್ದರೆ ಸರ್ವೀಸ್ ಸೆಂಟರಿಗೆ ಕೊಡುವುದೇ ವಾಸಿ.

ಪ್ರಶ್ನೆ: ನಿನ್ನೆವರೆಗೆ ಸರಿಯಿದ್ದ ಎಸ್‌ಡಿ ಕಾರ್ಡ್ ಇಂದು ‘ಲಾಕ್ ಆಗಿದೆ’ ಎನ್ನುತ್ತಿದೆ. ಫಾರ್ಮ್ಯಾಟ್ ಮಾಡಲೇ? ಒಳಗೆ ಮದುವೆಯ ಫೋಟೊಗಳಿವೆ.

ಉತ್ತರ: ಖಂಡಿತ ಬೇಡ. ಕಾರ್ಡಿನ ಪಕ್ಕದಲ್ಲಿ ಉಗುರಿಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಗುಂಡಿ ಇದೆ ನೋಡಿ. ಕ್ಯಾಮೆರಾಕ್ಕೆ ತೂರಿಸುವಾಗ ಅದು ಜಾರಿ ಕೆಳಗಿಳಿದಿರುತ್ತದೆ. ಲೋಹದ ಪಟ್ಟಿಗಳಿರುವ ತುದಿಯ ಕಡೆಗೆ ತಳ್ಳಿದರೆ ಲಾಕ್ ತೆರೆಯುತ್ತದೆ. ಗುಂಡಿ ಸಡಿಲವಾಗಿ ಮತ್ತೆ ಮತ್ತೆ ಜಾರುತ್ತಿದ್ದರೆ ಟೇಪ್ ಅಂಟಿಸುವ ಉಪಾಯ ಹೇಳುವವರಿದ್ದಾರೆ. ಆ ಟೇಪ್ ಸ್ಲಾಟಿನೊಳಗೇ ಸಿಕ್ಕಿಕೊಂಡರೆ ರಿಪೇರಿ ಕ್ಯಾಮೆರಾದ್ದಾಗುತ್ತದೆ. ಲಾಕ್ ಆದ ಕಾರ್ಡಿನಿಂದಲೂ ಫೋಟೊಗಳನ್ನು ಓದಬಹುದು: ಇವತ್ತೇ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು, ಹೊಸ ಕಾರ್ಡ್ ತನ್ನಿ.