ಓದುಗರ ಪ್ರಶ್ನೆ: ಐನೂರು ವರ್ಷ ಸುಮ್ಮನಿದ್ದ ಬೆಟ್ಟ

ಪ್ರಶ್ನೆ: ‘ಲುಪ್ತ ಜ್ವಾಲಾಮುಖಿ’ ಎಂದರೆ ಇನ್ನೆಂದೂ ಸಿಡಿಯದ್ದು ಎಂದು ಮಗಳ ಪುಸ್ತಕದಲ್ಲಿದೆ. ಆದರೆ ಫಿಲಿಪ್ಪೀನ್ಸಿನ ಪಿನಟುಬೊ 500 ವರ್ಷ ಸುಮ್ಮನಿದ್ದು 1991ರಲ್ಲಿ ಸಿಡಿಯಿತಂತೆ. ಬೆಟ್ಟ ಸತ್ತಿದೆಯೋ ಮಲಗಿದೆಯೋ ತಿಳಿಯುವುದು ಹೇಗೆ ಎಂದು ಅವಳ ಪ್ರಶ್ನೆ.

ಉತ್ತರ: ಭೂವಿಜ್ಞಾನ ಪಾಠ ಮಾಡುತ್ತಿದ್ದ ದಿನಗಳಲ್ಲಿ ನಾನೂ ಬೋರ್ಡಿನ ಮೇಲೆ ಮೂರು ಕಾಲಂ ಎಳೆದು ಜಾಗೃತ, ಸುಪ್ತ, ಲುಪ್ತ ಎಂದು ಬರೆಸುತ್ತಿದ್ದೆ. 1991ರ ಜೂನ್ ಆದಮೇಲೆ ಆ ಮೂರನೇ ಕಾಲಂ ತುಂಬಿಸಲು ನನಗೆ ಧೈರ್ಯ ಬರಲಿಲ್ಲ. ನಿಮ್ಮ ಮಗಳಿಗೆ ಬಂದ ಅನುಮಾನ ಸರಿಯಾದದ್ದೇ. ಬೆಟ್ಟ ಈಗ ಎಷ್ಟು ಕಾಲದಿಂದ ಸುಮ್ಮನಿದೆ ಎಂಬುದಕ್ಕಿಂತ, ಹಿಂದೆಲ್ಲ ಎಷ್ಟೆಷ್ಟು ಕಾಲ ಸುಮ್ಮನಿರುತ್ತಿತ್ತು ಎಂದು ನೋಡಬೇಕು. ಆ ಲೆಕ್ಕ ಸಿಗುವುದು ಬೆಟ್ಟದ ಬುಡದ ಹಳ್ಳಕೊಳ್ಳಗಳಲ್ಲಿ.

ಪಿನಟುಬೊ ಇರುವುದು ಲುಜಾನ್ ದ್ವೀಪದಲ್ಲಿ, ಮನಿಲಾದಿಂದ ವಾಯವ್ಯಕ್ಕೆ ಸುಮಾರು 90 ಕಿ.ಮೀ. ದೂರ. ದ್ವೀಪದ ಪಶ್ಚಿಮಕ್ಕೆ, ಮನಿಲಾ ಕಂದಕದಲ್ಲಿ, ದಕ್ಷಿಣ ಚೀನಾ ಸಮುದ್ರದ ತಳ ಲುಜಾನಿನ ಅಡಿಗೆ ಜಾರಿಹೋಗುತ್ತಿದೆ. ಕೆಳಗಿಳಿದ ಆ ಬಂಡೆ ತನ್ನೊಳಗಿನ ನೀರನ್ನು ಮೇಲಿನ ಬಿಸಿ ಶಿಲೆಗೆ ಬಿಟ್ಟುಕೊಡುತ್ತದೆ. ನೀರು ಸೇರಿದ ಶಿಲೆ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಶಾಖ ಹೆಚ್ಚಿ ಕರಗುವುದಲ್ಲ, ನೀರು ಬೆರೆತು ಕರಗುವುದು! ಇದನ್ನು ಹೇಳುವಾಗ ತರಗತಿಯಲ್ಲಿ ನನಗೆ ಪ್ರತಿ ವರ್ಷವೂ ಹೊಸದಾಗಿ ಬೆರಗಾಗುತ್ತಿತ್ತು. ಹೀಗೆ ಹುಟ್ಟಿದ ಶಿಲಾರಸ ಮೇಲೇರಿ, ತಂಗಿ, ಸಿಲಿಕಾ ಹೆಚ್ಚಿರುವ ಅಂಟಂಟಾದ ಡೇಸೈಟ್ ಆಗುತ್ತದೆ. ಅಂಟು ಹೆಚ್ಚಾದಷ್ಟೂ ಅನಿಲ ಹೊರಬರಲಾರದು. ಲಾವಾ ಒಂದು ಪದರ, ಬೂದಿ ಒಂದು ಪದರ ಎಂದು ಬೆಳೆಯುವ ಇಂಥ ಸ್ತರಜ್ವಾಲಾಮುಖಿಗಳು ಹರಿಯುವುದಕ್ಕಿಂತ ಸಿಡಿಯುವುದಕ್ಕೆ ಹೆಸರಾಗಿರುವುದು ಇದರಿಂದಲೇ.

1991ರ ಮುಂಚೆ ಅದು 1745 ಮೀಟರಿನ, ಸವೆದ, ಕಾಡು ಬೆಳೆದ ಬೆಟ್ಟ. ಇಳಿಜಾರುಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಐಟಾ ಜನ ಬೇಸಾಯ ಮಾಡಿಕೊಂಡಿದ್ದರು. ಬೆಟ್ಟದ ಸುತ್ತ ಮಾತ್ರ ಹಳೆಯ ಬೂದಿ, ಪ್ಯೂಮಿಸ್ ಕಲ್ಲುಗಳ ದಪ್ಪ ಹಾಸುಗಳಿದ್ದವು. ಅವುಗಳ ನಡುವೆ ಸುಟ್ಟ ಮರಗಳ ಇದ್ದಿಲು. ಆ ಇದ್ದಿಲಿನಲ್ಲಿ, ವಯಸ್ಸು ಹೇಳುವ ಕಾರ್ಬನ್-14 ಅಳೆದಾಗ ತಿಳಿಯಿತು: ಬೆಟ್ಟ ಸುಮಾರು 500 ವರ್ಷ ಹಿಂದೆ ಸಿಡಿದಿತ್ತು, ಅದಕ್ಕೂ ಮೊದಲು ಸುಮಾರು 3000 ವರ್ಷ ಹಿಂದೆ, ಇನ್ನೂ ಮೊದಲು 5000 ವರ್ಷಕ್ಕೂ ಹಿಂದೆ. ಎಲ್ಲಕ್ಕಿಂತ ಹಳೆಯದೊಂದು ಹಾಸು 1991ರದ್ದಕ್ಕಿಂತಲೂ ದೊಡ್ಡ ಸ್ಫೋಟದ್ದು. ಶತಮಾನಗಟ್ಟಲೆ ಮೌನ, ಆಮೇಲೆ ಭಾರೀ ಸ್ಫೋಟ. ಇದು ಈ ಬೆಟ್ಟದ ನಡವಳಿಕೆಯೇ ಆಗಿತ್ತು.

1991ರ ಏಪ್ರಿಲ್ 2ರಂದು ಹಬೆ ಸ್ಫೋಟಗಳಾದವು. ಫಿಲಿಪ್ಪೀನ್ಸಿನ ಜ್ವಾಲಾಮುಖಿ ಮತ್ತು ಭೂಕಂಪ ಸಂಸ್ಥೆ ಫಿವೊಲ್ಕ್ಸ್‌ನವರು, ಆಮೇಲೆ ಅವರ ಜೊತೆ ಅಮೆರಿಕದ ಭೂವಿಜ್ಞಾನಿಗಳು, ಕಂಪನಮಾಪಕ ಇಟ್ಟು ಕಾದರು. ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದ ಸಲ್ಫರ್ ಡೈಆಕ್ಸೈಡ್ ಮೇ 28ಕ್ಕೆ 5000 ಟನ್ ದಾಟಿತು. ಆಮೇಲೆ ತಟ್ಟನೆ ಇಳಿಯಿತು. ಹೊರಗಿನವರು ನಿಟ್ಟುಸಿರು ಬಿಡಬಹುದಾದ ಸುದ್ದಿ ಅದು. ವಿಜ್ಞಾನಿಗಳಿಗೆ ಭಯ ಹೆಚ್ಚಿದ್ದೇ ಆಗ: ಅನಿಲದ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿರಬಹುದು.

ಜನರನ್ನು, ಅಧಿಕಾರಿಗಳನ್ನು ನಂಬಿಸುವುದು ಸುಲಭವಿರಲಿಲ್ಲ. ಫ್ರಾನ್ಸಿನ ಜ್ವಾಲಾಮುಖಿ ವಿಜ್ಞಾನಿ ಮೋರಿಸ್ ಕ್ರಾಫ್ಟ್ ಸಿದ್ಧಪಡಿಸಿದ್ದ ವಿಡಿಯೊ ತೋರಿಸಿ, ಉರಿಬೂದಿಯ ಪ್ರವಾಹ ಏನು ಮಾಡಬಲ್ಲದು ಎಂದು ತಿಳಿಸಿದರು. ಅದೇ ವರ್ಷದ ಜೂನ್ 3ರಂದು ಜಪಾನಿನ ಜ್ವಾಲಾಮುಖಿ ಉಂಜೆನ್‌ನಲ್ಲಿ ಅಂಥದೇ ಪ್ರವಾಹಕ್ಕೆ ಮೋರಿಸ್ ಮತ್ತು ಅವರ ಹೆಂಡತಿ ಕಾತ್ಯಾ ಬಲಿಯಾದರು. ಆ ದಂಪತಿಯನ್ನು ನೆನೆಯದೆ ಪಿನಟುಬೊ ಕಥೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಜೂನ್ 12ರಂದು ಮೊದಲ ದೊಡ್ಡ ಸ್ಫೋಟ. ಜೂನ್ 15ರ ಮಧ್ಯಾಹ್ನ ಮಹಾಸ್ಫೋಟ. ಬೂದಿ 35 ಕಿ.ಮೀ.ಗೂ ಮೇಲೇರಿತು, ಹಗಲೇ ಕತ್ತಲಾಯಿತು. ಅದೇ ಹೊತ್ತಿಗೆ ಯುನ್ಯಾ ಎಂಬ ಚಂಡಮಾರುತವೂ ಬಂದೆರಗಿತು. ಮಳೆ ನೆನೆಸಿದ ಬೂದಿಯ ಭಾರಕ್ಕೆ ಮನೆಗಳ ಸೂರು ಕುಸಿದು ನೂರಾರು ಜನ ಸತ್ತರು. ಆದರೆ ಅಷ್ಟರಲ್ಲಿ ಹತ್ತಾರು ಸಾವಿರ ಜನರನ್ನು ತೆರವು ಮಾಡಿಸಿದ್ದರಿಂದ ಕನಿಷ್ಠ 5000 ಜೀವಗಳು ಉಳಿದವೆಂದು ಅಂದಾಜು. ಬೆಟ್ಟದ ನೆತ್ತಿ ಕುಸಿದು ಎತ್ತರ 1486 ಮೀಟರಿಗೆ ಇಳಿಯಿತು, ಮೇಲೆ ಸುಮಾರು 2.5 ಕಿ.ಮೀ. ಅಗಲದ ಕುಳಿ ಉಳಿಯಿತು. ವಾಯುಮಂಡಲ ಸೇರಿದ ಗಂಧಕದ ಮಂಜು ಮುಂದಿನ ವರ್ಷ ಭೂಮಿಯನ್ನೇ ಸುಮಾರು ಅರ್ಧ ಡಿಗ್ರಿ ತಂಪು ಮಾಡಿತು.

ಪ್ರಶ್ನೆ: ಸ್ಫೋಟ ಮುಗಿದ ಮೇಲೂ ವರ್ಷಗಟ್ಟಲೆ ಊರುಗಳು ಹಾಳಾದವಂತೆ, ನಿಜವೇ?

ಉತ್ತರ: ನಿಜ. ಕಣಿವೆ ತುಂಬಿದ್ದ ಸಡಿಲ ಬೂದಿ ಪ್ರತಿ ಮಳೆಗಾಲವೂ ಗಾರೆಯಂತೆ ಹರಿದು ಬಂತು. ಇದಕ್ಕೆ ಲಾಹಾರ್ ಎನ್ನುತ್ತಾರೆ. 1995ರ ಅಕ್ಟೋಬರಿನಲ್ಲಿ ಬಕೊಲೊರ್ ಪಟ್ಟಣ ಹೂತುಹೋಯಿತು. ಅಲ್ಲಿನ ಸ್ಯಾನ್ ಗಿಲೆರ್ಮೊ ಚರ್ಚ್ ಅರ್ಧಕ್ಕೆ ಮುಳುಗಿತು. ಊರಿನವರು ಬಲಿಪೀಠವನ್ನು ಅಗೆದು ತೆಗೆದು ಹೊಸ ನೆಲದ ಮೇಲೆ ಮತ್ತೆ ನಿಲ್ಲಿಸಿದ್ದಾರೆ. ಕುಳಿಯಲ್ಲಿ ಸರೋವರವೂ ತುಂಬಿತು. 2001ರಲ್ಲಿ ಅದರ ಅಂಚು ಒಡೆಯುವ ಭಯಕ್ಕೆ ಕೆಳಗಿನ ಬೊಟೊಲಾನ್ ಜನರನ್ನು ತೆರವು ಮಾಡಿಸಿ, ಅಂಚಿನಲ್ಲಿ ಕಾಲುವೆ ತೋಡಿ ನೀರು ಬಿಟ್ಟರು.